ಡೋಲು ತಗ್ಗಿದ ಕಥೆ

ಒಂದಾನೊಂದು ಕಿಟಕಿಯಿಲ್ಲದ ಕೋಣೆಯಿತ್ತಂತೆ. ಗೋಡೆಗೆಲ್ಲ ಸ್ಪಂಜು, ಮೇಜಿಗೆಲ್ಲ ತಿರುಗಿಸುವ ಗುಂಡಿ. ಅದರ ದೊರೆಗೆ ತನ್ನ ಡೋಲೆಂದರೆ ಪ್ರಾಣ. ಡೋಲು ತಗ್ಗಿಸಿ ಎಂದರೆ ಮೀಸೆ ಬೋಳಿಸಿ ಎಂದಂತೆ.

ದೊರೆ ಅಂದರೆ ಅಲ್ಲಿ ಕೆಲಸಕ್ಕಿದ್ದ ಹುಡುಗಿಯ ಸೋದರಮಾವ. ಸ್ಟುಡಿಯೋ ಅವನದು, ಸಂಗೀತವೂ ಅವನದೇ. ಧ್ವನಿಗಳನ್ನು ಹದವಾಗಿ ಬೆರೆಸುವ ಕೆಲಸ ಅವಳದು. ಮಕ್ಕಳಿಗಾಗಿ ಒಂದು ರಾಕ್ಷಸನ ಕಥೆ ತಯಾರಾಗುತ್ತಿತ್ತು. ಹೇಳಿದವಳು ಅಜ್ಜಿ, ಮಾವನ ಹೆತ್ತಮ್ಮ. ಹಲ್ಲುದುರಿದ ಮೆಲುದನಿ. ಡೋಲು ಶುರುವಾದರೆ ಸಂತೆಯಲ್ಲಿ ಕೈತಪ್ಪಿದ ಕೂಸಿನ ಹಾಗೆ ಅದು ಎಲ್ಲೋ ಕಳೆದುಹೋಗುತ್ತಿತ್ತು. ಸಂಜೆಯೊಳಗೆ ಸರಿಹೋಗದಿದ್ದರೆ ನಾಳೆ ಬೇರೆಯವರನ್ನು ಕರೆಸಿ ಅದೇ ಕಥೆ ಹೇಳಿಸುವುದೆಂದು ಮಾವ ತೀರ್ಮಾನಿಸಿದ್ದ. ಅದು ಅಜ್ಜಿಯ ಕಿವಿಗೂ ಬಿತ್ತು.

“ಒಂದಕ್ಷರವೂ ಮುಳುಗೋಕೆ ಬಿಡಲ್ಲ ಅಜ್ಜಿ,” ಎಂದು ಮಾತು ಕೊಟ್ಟು ಅವಳು ಒಳಗೆ ಬಂದು ಕೂತಳು.

ಅಜ್ಜಿಯ ದನಿ ಏರಿಸಿದರೆ ಜೊತೆಗೆ ರೆಕಾರ್ಡಿಂಗಿನ ಗೊರಗೊರವೂ ಏರಿತು. ಡೋಲು ಇಳಿಸಿದರೆ ಮಾವ ಬಂದು ಮತ್ತೆ ಏರಿಸಿ ಹೋದ. ಸರಿ, ಡೋಲಿನ ದಾರಿಗೆ ಕಂಪ್ರೆಸರ್ ಕೂರಿಸಿದಳು. ಅದು ಜೋರಾದ ಸದ್ದಿನ ತಲೆ ಅದುಮುವ ಕಾವಲುಗಾರ. ಮಾಮೂಲಿಯಾಗಿ ಯಾವ ಸದ್ದು ಕೇಳುತ್ತದೋ ಅದನ್ನೇ ಅದುಮುತ್ತದೆ. ಆದರೆ ಅದಕ್ಕೆ ಸೈಡ್‌ಚೈನ್ ಅಂತ ಇನ್ನೊಂದು ಕಿವಿಯುಂಟು. ಆ ಕಿವಿಗೆ ಅಜ್ಜಿಯ ದನಿ ಕೊಟ್ಟಳು. ಕೇಳುವುದು ಅಜ್ಜಿಯನ್ನು, ಅದುಮುವುದು ಡೋಲನ್ನು. ಅಜ್ಜಿ ಬಾಯಿ ತೆರೆದರೆ ಡೋಲು ತಗ್ಗಬೇಕು, ಸುಮ್ಮನಾದರೆ ಏಳಬೇಕು.

ಹಾಕಿ ನೋಡಿದರೆ, ಅಜ್ಜಿ ಸುಮ್ಮನಿದ್ದ ಕಡೆಯೂ ಡೋಲು ತಗ್ಗಿ ತಗ್ಗಿ ಏಳುತ್ತಿದೆ.

“ನನ್ನ ಡೋಲಿಗೆ ಬಿಕ್ಕಳಿಕೆ ಹತ್ತಿಸಿದೆಯಲ್ಲೇ,” ಅಂದ ಮಾವ. “ಸಾಕು ಬಿಡು. ನಾಳೆ ಅವರು ಬರ್ತಾರೆ.”

“ಬರಲಿ ಮಾವ. ಕೂತು ಅಜ್ಜಿ ಕಥೆ ಕೇಳಿಕೊಂಡು ಹೋಗಲಿ.”

ಹೆಡ್‌ಫೋನ್ ಹಾಕಿ ಅಜ್ಜಿಯ ದನಿಯೊಂದನ್ನೇ ಕೇಳಿದಳು. ದಪ್, ದಪ್. ರಾಕ್ಷಸ ಹೆಜ್ಜೆ ಇಟ್ಟಾಗಲೆಲ್ಲ ಅಜ್ಜಿ ತೊಡೆ ತಟ್ಟಿದ್ದಳು. ತೊಡೆ ತಟ್ಟದೆ ಅವಳಿಗೆ ಕಥೆಯೇ ಬರದು. ಕಾವಲುಗಾರ ಅದನ್ನೂ ಮಾತೆಂದೇ ತಿಳಿದು ಡೋಲನ್ನು ಅದುಮುತ್ತಿದ್ದ.

ಹಾಗಾದರೆ ಮುದುಕಿಯ ಕೈ ಕಟ್ಟಿಹಾಕಿ ಮಾತಾಡಿಸಬೇಕಿತ್ತು ಎಂದು ಮಾವ ನಕ್ಕ. ಅವಳು ನಗಲಿಲ್ಲ. ಆ ಎರಡನೇ ಕಿವಿಯ ಬಾಯಿಗೆ ಮಾತ್ರ ಒಂದು ಫಿಲ್ಟರ್ ಇಟ್ಟು ದಪ್ ಎನ್ನುವಂಥ ಮಂದ್ರದ ಸದ್ದನ್ನೆಲ್ಲ ಸೋಸಿ ತೆಗೆದಳು. ಕಥೆ ಕೇಳುವವರಿಗೆ ದಪ್ ಕೇಳಿಸುತ್ತದೆ, ಕಾವಲುಗಾರನಿಗೆ ಕೇಳಿಸದು. ಅಜ್ಜಿ ಉಸಿರೆಳೆಯುವಷ್ಟರಲ್ಲೇ ಡೋಲು ನುಗ್ಗದಿರಲೆಂದು ಕಾವಲುಗಾರ ಅದನ್ನು ಕೈಬಿಡುವ ವೇಗವನ್ನೂ ನಿಧಾನ ಮಾಡಿದಳು.

ಬಾಗಿಲಾಚೆ ಕೂತಿದ್ದ ಅಜ್ಜಿಯನ್ನು ಕರೆತಂದು ಕೂರಿಸಿ ಮೊದಲಿಂದ ಹಾಕಿದಳು. ಡೋಲು ಗುಡುಗುತ್ತ ಬಂತು. ಅಜ್ಜಿ ಮಾತೆತ್ತಿದೊಡನೆ ಹಿಂದೆ ಸರಿದು ಕೂತಿತು. ರಾಕ್ಷಸ ದಪ್ ದಪ್ ನಡೆದ, ಡೋಲು ಬಿಕ್ಕಲಿಲ್ಲ. ಮಾವನ ಕೈ ಡೋಲಿನ ಗುಂಡಿಯತ್ತ ಹೋಯಿತು. ಅವಳು ಗುಂಡಿಯ ಮೇಲೆ ಅಂಗೈ ಮುಚ್ಚಿದಳು.

“ನೀವು ಇಟ್ಟಲ್ಲೇ ಇದೆ, ಮುಟ್ಟಿಲ್ಲ.”

“ಆದರೂ ತಗ್ಗಿತಲ್ಲೇ.”

“ಹೆತ್ತಮ್ಮ ಮಾತಾಡೋವಾಗ ತಗ್ಗಲಿ ಮಾವ.”

ಮಾವ ಅಮ್ಮನ ಮುಖ ನೋಡಿದ. ಅಮ್ಮ ಅವನ ಕಡೆ ನೋಡಲೇ ಇಲ್ಲ. ತನ್ನದೇ ಕಥೆ ಕೇಳುತ್ತ ತೊಡೆ ತಟ್ಟುತ್ತಿದ್ದಳು. ಅವನು ಕೈ ಹಿಂತೆಗೆದುಕೊಂಡ. ರಾಕ್ಷಸ ಸತ್ತ, ಅಜ್ಜಿಯ ಕೊನೆಯ ಅಕ್ಷರ ನಿಚ್ಚಳವಾಗಿ ಕೇಳಿಸಿತು, ಅವಳು ಅದನ್ನು ಹಾಗೇ ಕೊನೆಯ ಪ್ರತಿಯಾಗಿ ಉಳಿಸಿದಳು.