ಕದ್ದ ಗೆಡ್ಡೆ

ಒಟಿಲಿಯಾಳ ಕಾಲಿಗೆ ಯಾರೋ ಚಕ್ರ ಕಟ್ಟಿಬಿಟ್ಟಿದ್ದಾರೆ ಎಂದು ಅವಳ ಗಂಡ ಎವಾಲ್ಡ್ ಹೇಳುತ್ತಿದ್ದ. ಅದು ಪೂರ್ತಿ ಸುಳ್ಳೂ ಅಲ್ಲ. ಮದುವೆಯಾದ ವರ್ಷದಿಂದ ಅರವತ್ತು ತುಂಬುವವರೆಗೆ ಅವಳು ಊರಿನ ಟ್ರಾಮ್ ಓಡಿಸಿದವಳು. ನಿವೃತ್ತಿಯಾದ ಮೇಲೂ ಆ ಓಟ ಮೈಯಿಂದ ಇಳಿಯಲಿಲ್ಲ. ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ ತಿರುಗುವುದೇ ಕೆಲಸ. ಒಂದು ಲೋಟ ಕಾಫಿಯನ್ನೂ ಕೂತು ಕುಡಿದವಳಲ್ಲ. ಹೆಣಿಗೆ ಹಿಡಿದಳು, ಅರ್ಧ ಸ್ವೆಟರಿಗೆ ಕೈಬಿಟ್ಟಳು. ಚರ್ಚಿನ ಗಾಯನ ತಂಡಕ್ಕೆ ಸೇರಿದಳು, ಎರಡನೇ ಭಾನುವಾರಕ್ಕೇ ಗಂಟಲು ನೋವೆಂದಳು. ಜರ್ಮನ್ ಕಲಿಯುತ್ತೇನೆಂದು ತಂದ ಪುಸ್ತಕ ಈಗ ಮೇಜಿನ ಕುಂಟುಕಾಲಿನ ಕೆಳಗಿದೆ.

ಹೀಗಿರುವಾಗ ಏಪ್ರಿಲ್‌ನಲ್ಲಿ ಅವಳು ಗಣಿಯ ಹಿಂದಿನ ಕೈತೋಟಗಳಲ್ಲಿ ಒಂದು ಪಾಲು ಹಿಡಿದಳು. ಸುದ್ದಿ ಕೇಳಿದ ಎವಾಲ್ಡ್ ಪಾರಿವಾಳಗಳಿಗೆ ಕಾಳು ಎರಚುತ್ತಲೇ ನಕ್ಕ.

“ಸಂತ ಜಾನರ ಹಬ್ಬದವರೆಗಾದ್ರೂ ತಡೀತೀಯೇನೇ?”

“ನಿನ್ನ ಪಾರಿವಾಳಕ್ಕಿರೋ ತಾಳ್ಮೆ ನನಗಿಲ್ವೇನೋ?”

“ಪಾರಿವಾಳ ಹಾರಿಹೋದ್ರೂ ಸಂಜೆಗೆ ಗೂಡಿಗೆ ಬರುತ್ತೆ ಕಣೇ.”

ಗಣಿ ಮುಚ್ಚಿ ಯಾವ ಕಾಲವೋ ಆಗಿತ್ತು. ಗಣಿಗಾರರಿಗೆಂದು ಹಂಚಿದ್ದ ತೋಟದ ತುಂಡುಗಳು ಮಾತ್ರ ಹಾಗೇ ಉಳಿದಿದ್ದವು. ಒಟಿಲಿಯಾಗೆ ಸಿಕ್ಕಿದ್ದು ಎರಡು ವರ್ಷ ಯಾರೂ ಕಾಲಿಡದ ಪಾಲು. ಎದೆಯೆತ್ತರ ತುರಿಕೆ ಗಿಡ, ಬೇಲಿಯ ಮೇಲೆಲ್ಲ ಮುಳ್ಳುಬಳ್ಳಿ, ಬಾಗಿಲು ಕಳಚಿಕೊಂಡ ಮರದ ಗುಡಿಸಲು. ಪಕ್ಕದ ಪಾಲು ಆಲೋಯ್ಜಿ ಎಂಬವನದು. ತೋಟಗಾರರ ಸಂಘಕ್ಕೆ ಅಧ್ಯಕ್ಷನೂ ಅವನೇ. ಒಂದು ಕಾಲಕ್ಕೆ ಗಣಿಯಲ್ಲಿ ಮೇಸ್ತ್ರಿಯಾಗಿದ್ದವನು. ಗಣಿಗೆ ಬೀಗ ಬಿತ್ತು, ಅವನ ಮೇಸ್ತ್ರಿಕೆಗೆ ಬೀಳಲಿಲ್ಲ.

“ನೋಡಿ ಒಟಿಲಿಯಮ್ಮಾ, ಮೊದ್ಲೇ ಹೇಳ್ತಿದೀನಿ,” ಎಂದ ಬೀಗದ ಕೈ ಕೊಡುತ್ತ. “ಜೂನ್ ಇಪ್ಪತ್ನಾಲ್ಕು, ಸಂತ ಜಾನರ ಹಬ್ಬಕ್ಕೆ ನಾವು ನೋಡೋಕೆ ಬರ್ತೀವಿ. ಕಳೆ ಹೋಗಿರ್ಬೇಕು, ಅರ್ಧ ಜಾಗದಲ್ಲಾದ್ರೂ ಗಿಡ ಇರ್ಬೇಕು. ಇಲ್ದಿದ್ರೆ ಕೀ ವಾಪಸ್. ಕಾಯ್ತಿರೋರು ಬೇಕಾದಷ್ಟು ಜನ ಇದಾರೆ.”

ಒಟಿಲಿಯಾ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಅವಳಿಗೆ ಹೆದರಿಕೆಯಾಗಿತ್ತು. ಇದೂ ಕೈತಪ್ಪಿದರೆ ಉಳಿದ ಆಯುಷ್ಯವೆಲ್ಲ ಆ ಅಡುಗೆಮನೆ ಮತ್ತು ಆ ಕಿಟಕಿಯ ನಡುವೆಯೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕೆಲಸವನ್ನೇನೋ ಮೈಮುರಿದು ಮಾಡಿದಳು. ಆದರೆ ಬೇಲಿಯ ಮೂಲೆಯಲ್ಲಿ ಕಳೆ ಕೀಳುತ್ತಿದ್ದವಳಿಗೆ ಗುಡಿಸಲಿನ ಹಿಂದಿನ ಮುಳ್ಳು ಕಣ್ಣಿಗೆ ಬೀಳುತ್ತಿತ್ತು, ಅಲ್ಲಿಗೆ ಓಡುತ್ತಿದ್ದಳು. ಮುಳ್ಳಿಗೆ ಕತ್ತಿ ಹಾಕುವಷ್ಟರಲ್ಲಿ ಕಾಲುದಾರಿಯ ಹುಲ್ಲು ಕರೆಯುತ್ತಿತ್ತು. ಒಂದು ದಿನ ಇದನ್ನು ನೋಡಿ ನೋಡಿ ಸಾಕಾದ ಆಲೋಯ್ಜಿ ಬೇಲಿಯ ಮೇಲಿಂದ ರಾಸ್ಬೆರಿ ಸಸಿಗಳ ಕಟ್ಟೊಂದನ್ನು ಚಾಚಿದ.

“ಅಯ್ಯೋ, ತುಂಬಾ ಥ್ಯಾಂಕ್ಸ್!” ಎಂದಳು ಒಟಿಲಿಯಾ.

ಆಲೋಯ್ಜಿ ತಲೆ ಚಚ್ಚಿಕೊಂಡ. “ಕೆಡಿಸಿಬಿಟ್ರಲ್ರೀ! ಗಿಡ ಇಸ್ಕೊಂಡು ಯಾರಾದ್ರೂ ಥ್ಯಾಂಕ್ಸ್ ಅಂತಾರೇನ್ರೀ? ಇನ್ನು ಅವು ಬದುಕಿದ ಹಾಗೇ!”

ಆ ಊರಿನಲ್ಲಿ ಹುಟ್ಟಿದ ಯಾರಿಗೂ ಇದು ತಿಳಿಯದ ಸಂಗತಿಯಲ್ಲ. ಒಟಿಲಿಯಾಗೂ ಗೊತ್ತಿತ್ತು. ಬಾಯಿ ಮಾತ್ರ ಕೈಕಾಲುಗಳಂತೆಯೇ ಅವಸರದ್ದು. ಹತ್ತು ದಿನದಲ್ಲಿ ರಾಸ್ಬೆರಿಗಳು ಒಣಗಿ ಕಡ್ಡಿಯಾದವು. ಅಂಗಡಿಯಿಂದ ತಂದ ಸಸಿಗಳನ್ನು ಬಸವನಹುಳುಗಳು ಬುಡಸಮೇತ ತಿಂದು ಮುಗಿಸಿದವು.

ಪುಣ್ಯಕ್ಕೆ ಕಳೆಯ ಅಡಿಯಲ್ಲಿ ಹಳೆಯ ಗಿಡಗಳು ಜೀವ ಹಿಡಿದುಕೊಂಡಿದ್ದವು. ದಾರಿಯ ಪಕ್ಕ ಐರಿಸ್ ಹೂವಿನ ಒಂದು ದೊಡ್ಡ ಹಿಂಡು, ಶುಂಠಿಯಂಥ ಅದರ ಗೆಡ್ಡೆಗಳು ಮಣ್ಣಿನ ಮೇಲೇ ಹರಡಿಕೊಂಡಿದ್ದವು. ಅದರಾಚೆ ಸ್ಟ್ರಾಬೆರಿ, ಒಂದಿಷ್ಟು ಪುದೀನ. ಇಷ್ಟಿದ್ದರೆ ಹಬ್ಬದ ಹೊತ್ತಿಗೆ ಬಚಾವಾದೆ ಎಂದುಕೊಂಡಳು ಒಟಿಲಿಯಾ.

ಮರುದಿನ ಬಂದು ನೋಡಿದರೆ ಐರಿಸ್ ಇದ್ದಲ್ಲಿ ಅರ್ಧಕ್ಕರ್ಧ ಗುಂಡಿ.

“ಕಾಡುಹಂದಿ ಕಣ್ರೀ,” ಎಂದ ಆಲೋಯ್ಜಿ. ಅವಳು ಬೇಲಿ ಬಿಗಿದಳು. ಎರಡು ದಿನಕ್ಕೆ ಸ್ಟ್ರಾಬೆರಿಯ ಒಂದು ಸಾಲೇ ಮಾಯ. ಕಾಡುಹಂದಿ ಗುಂಡಿಯ ಅಂಚನ್ನು ಇಷ್ಟು ನೀಟಾಗಿ ಕತ್ತರಿಸುವುದಿಲ್ಲ, ಹೋಗುವಾಗ ಗೇಟು ಮುಚ್ಚಿಕೊಂಡೂ ಹೋಗುವುದಿಲ್ಲ. ಒಟಿಲಿಯಾಗೆ ಮೈಯೆಲ್ಲ ಉರಿದುಹೋಯಿತು. ಆಲೋಯ್ಜಿಯೂ ಕೆಂಡವಾದ: “ಆ ಕಳ್ಳ ಯಾರಂತ ಗೊತ್ತಾಗ್ಲಿ, ಈ ತೋಟದ ಕಡೆ ಮತ್ತೆ ತಲೆ ಹಾಕದ ಹಾಗೆ ಮಾಡ್ತೀನಿ.”

ಬೆಳಗಿನ ಮೊದಲ ಟ್ರಾಮಿಗೇ ಬಂದು ಒಟಿಲಿಯಾ ಗುಡಿಸಲಲ್ಲಿ ಅಡಗಿ ಕೂತಳು. ಕೂರುವುದೇ ಒಂದು ಶಿಕ್ಷೆ. ಮಂಡಿ ಕುಣಿಯುತ್ತಿತ್ತು, ಉಗುರು ಕಚ್ಚಿ ಕಚ್ಚಿ ಮುಗಿಯಿತು. ಅಷ್ಟರಲ್ಲಿ ಗೇಟಿಗೆ ಕೀ ಹಾಕಿದ ಸದ್ದು. ಚಕ್ರದ ಚೀಲವೊಂದನ್ನು ಎಳೆದುಕೊಂಡು ಮುದುಕಿಯೊಬ್ಬಳು ಒಳಗೆ ಬಂದಳು, ಮಂಡಿಯೂರಲಾಗದೆ ಸೊಂಟ ಹಿಡಿದುಕೊಂಡು ಬಗ್ಗಿದಳು, ಪುಟ್ಟ ಸನಿಕೆಯಿಂದ ಉಳಿದ ಐರಿಸ್ಸಿನ ಸುತ್ತ ಮಣ್ಣು ಬಿಡಿಸತೊಡಗಿದಳು.

“ಏನ್ರೀ ಅದು? ಯಾರ್ರೀ ನೀವು?” ಒಟಿಲಿಯಾ ಹಾರಿ ಹೊರಗೆ ಬಂದಳು.

ಮುದುಕಿ ಬೆಚ್ಚಲಿಲ್ಲ. “ನಾನು ತ್ರೂದಾ. ಈ ತೋಟ ನಂದಾಗಿತ್ತು. ಸೊಂಟ ಮುರ್ಕೊಂಡು ಆಸ್ಪತ್ರೇಲಿದ್ದಾಗ ಮಗಳು ಸಂಘಕ್ಕೆ ವಾಪಸ್ ಕೊಟ್ಟುಬಿಟ್ಲು. ಈಗ ಅವಳ ಮನೇಲಿದೀನಿ, ಟ್ರಾಮ್ ಕೊನೇ ಸ್ಟಾಪಿನ ಹಿಂದಿರೋ ಕಟ್ಟಡ. ತೋಟ ನಿಂದೇ ಇರ್ಲಿ ಹುಡುಗಿ. ಗಿಡ ನನ್ನವು.”

ಅರವತ್ತು ದಾಟಿದ ಮೇಲೆ ಹುಡುಗಿ ಎನ್ನಿಸಿಕೊಂಡ ಒಟಿಲಿಯಾಗೆ ಸಿಟ್ಟು ಅರ್ಧ ಇಳಿಯಿತು. “ಕೇಳಿದ್ರೆ ಕೊಡ್ತಿರ್ಲಿಲ್ವೇ ತ್ರೂದಮ್ಮಾ? ನಮ್ಮೆಜಮಾನ್ರ ಕಾರಿದೆ. ಎಲ್ಲಾ ಅಗೆದು ನಿಮ್ಮನೆ ಬಾಗಿಲಿಗೇ ತಂದ್ಕೊಡ್ತೀನಿ.”

ಈಗ ಮುದುಕಿ ಬೆಚ್ಚಿದಳು. “ಬೇಡ, ಬೇಡ! ಸಾಯಿಸ್ಬೇಕೂಂತಿದೀಯಾ ಅವನ್ನ? ಕೊಟ್ಟಿದ್ದು ಸರಿಯಾಗಿ ಬೇರು ಹಿಡಿಯಲ್ಲ, ಕದ್ದಿದ್ದೇ ಹತ್ತೋದು. ಈ ಐರಿಸ್ಸನ್ನ ನಾನು ಮದುವೆಗೆ ಮುಂಚೆ ಪಾದ್ರಿಗಳ ಬೇಲಿಯಿಂದ ಹಾರಿಸಿದ್ದು. ಅದಕ್ಕೇ ಒಂದ್ ವರ್ಷಾನೂ ಹೂ ತಪ್ಪಿಸಿಲ್ಲ.”

“ಮತ್ತೆ ನಾನೇನ್ ಮಾಡ್ಲಿ?”

“ಕೂಗು. ಕಳ್ಳಿ ಕಳ್ಳಿ ಅಂತ ಕೂಗು. ಸ್ವಲ್ಪ ತಡೆದು ಕೂಗು, ನನ್ ಸೊಂಟದಲ್ಲಿ ಓಡೋಕಾಗಲ್ಲ.”

ಒಟಿಲಿಯಾ ಅತ್ತ ಇತ್ತ ನೋಡಿ, ಕೆಮ್ಮಿ, “ಕಳ್ಳಿ!” ಎಂದಳು. “ಇನ್ನೂ ಜೋರು,” ಎಂದಳು ತ್ರೂದಾ ಚೀಲಕ್ಕೆ ಗೆಡ್ಡೆ ತುಂಬುತ್ತ. “ಕಳ್ಳೀ! ಹಿಡೀರೋ!” ಎಂದು ಒಟಿಲಿಯಾ ಗಂಟಲು ಹರಿಯುವಂತೆ ಕೂಗಿದಳು. ಮುದುಕಿ ಕುಂಟುತ್ತ, ಕಿರಗುಟ್ಟುವ ಚಕ್ರಗಳನ್ನು ಎಳೆಯುತ್ತ ಗೇಟು ದಾಟಿದಳು. ಒಟಿಲಿಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಗುಂಡಿಯತ್ತ ನೋಡಿದಳು, ನಗು ನಿಂತಿತು.

ತ್ರೂದಾ ಮತ್ತೆ ಮತ್ತೆ ಬಂದಳು. ಅಷ್ಟು ಬೆಳಿಗ್ಗೆ ಕೇಳುವವರು ಯಾರೂ ಇಲ್ಲದ ತೋಟದಲ್ಲಿ ಒಟಿಲಿಯಾ ಮತ್ತೆ ಮತ್ತೆ ಕೂಗಿದಳು. ಪುದೀನವೂ ಹೋಯಿತು.

ಹಬ್ಬ ಬಂತು. ಆಲೋಯ್ಜಿ ಸಂಘದ ಇನ್ನಿಬ್ಬರೊಂದಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. ಕಳೆ ಹೋಗಿತ್ತು, ಅದು ಸರಿ. ಆದರೆ ಗಿಡ?

“ಇಷ್ಟೊಂದು ಗುಂಡಿ! ಕಳ್ಳ ಸಿಕ್ಕಿಲ್ವೇನ್ರೀ ಇನ್ನೂ? ಸುಳಿವಿದ್ರೆ ಹೇಳಿ, ನಿಮ್ಮ ತಪ್ಪು ಅಂತ ಬರ್ಕೊಳ್ಳಲ್ಲ.”

ಹೆಸರು ಒಟಿಲಿಯಾಳ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ತೋಟ ಉಳಿಯುತ್ತದೆ. ಹೇಳಿದರೆ ನಾಳೆಯೇ ಇವನು ಆ ಕಟ್ಟಡಕ್ಕೆ ಹೋಗಿ, ಮಗಳ ಎದುರಿಗೇ ಮುದುಕಿಯ ಕೈಯಿಂದ ಆ ಹಳೆಯ ಕೀ ಕಿತ್ತುಕೊಳ್ಳುತ್ತಾನೆ.

“ಕಳ್ಳ ಯಾರೂ ಇಲ್ಲ. ನಾನೇ ಕಿತ್ತೆ,” ಎಂದಳು. “ಆ ಜಾಗ ಸರಿ ಅನ್ನಿಸ್ಲಿಲ್ಲ.”

“ಹಿಡಿದಿದ್ದೆಲ್ಲ ಅರ್ಧಕ್ಕೇ ಬಿಡೋರು ಅಂತ ಜನ ಹೇಳೋದು ಸುಳ್ಳಲ್ಲ ಹಾಗಾದ್ರೆ,” ಎಂದ ಆಲೋಯ್ಜಿ. “ಜುಲೈ ಮುಗಿಯೋವರೆಗೆ ಟೈಮ್ ಕೊಡ್ತೀನಿ. ಆಮೇಲೆ ಮಾತಿಲ್ಲ.”

ಆ ಮಾತು ಮುಖಕ್ಕೆ ಹೊಡೆದ ಹಾಗಿತ್ತು. ಮನೆಗೆ ಹೋದವಳು ಎವಾಲ್ಡ್‌ಗೂ ಹೇಳದೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಬೀನ್ಸ್ ಬಿತ್ತಿದಳು, ಬಸವನಹುಳು ತಿಂದವು. ಜುಲೈ ಅರ್ಧ ಕಳೆಯಿತು. ತ್ರೂದಾಳ ಚಕ್ರದ ಸದ್ದೂ ನಿಂತಿತ್ತು. ಒಂದು ಕಡೆ ತೋಟದ ಚಿಂತೆ, ಇನ್ನೊಂದು ಕಡೆ ಮುದುಕಿಗೆ ಏನಾಯಿತೋ ಎಂಬ ಚಿಂತೆ. ಒಂದು ಬೆಳಿಗ್ಗೆ ತಡೆಯಲಾರದೆ ಟ್ರಾಮ್ ಹತ್ತಿದಳು. ಸೀಟು ಖಾಲಿಯಿದ್ದರೂ ಡ್ರೈವರನ ಬೆನ್ನ ಹಿಂದೆ ನಿಂತು, ಅವನು ಬ್ರೇಕ್ ಹಾಕುವ ಕಡೆಯೆಲ್ಲ ತಾನೂ ಕಾಲು ಒತ್ತುತ್ತ ಕೊನೆಯ ಸ್ಟಾಪಿನವರೆಗೆ ಹೋದಳು.

ಕಟ್ಟಡದ ಗೋಡೆಗುಂಟ, ಮೊದಲ ಮಹಡಿಯ ಕಿಟಕಿಯ ಕೆಳಗೆ ಒಂದು ಪಟ್ಟಿ ಮಣ್ಣು. ಅಲ್ಲಿ ಐರಿಸ್, ಅದರ ಪಕ್ಕ ಸ್ಟ್ರಾಬೆರಿ, ಆಚೆಗೆ ಪುದೀನ; ತೋಟದಲ್ಲಿದ್ದ ಅದೇ ಕ್ರಮದಲ್ಲಿ. ಸ್ಟ್ರಾಬೆರಿಯ ಕುಡಿಗಳು ದಾರಿಯವರೆಗೂ ಹರಿದು ಬೇರು ಬಿಟ್ಟಿದ್ದವು. ಬಾಗಿಲಿನ ಗಂಟೆಗೆ ಬೆರಳಿಟ್ಟ ಒಟಿಲಿಯಾ ಹಾಗೇ ನಿಂತಳು. ಗಂಟೆ ಒತ್ತಿದರೆ ಗಿಡ ಕೇಳಬೇಕು. ಕೇಳಿದರೆ ಮುದುಕಿ ಕೊಟ್ಟುಬಿಡುತ್ತಾಳೆ.

ಬೆರಳನ್ನು ಹಿಂದಕ್ಕೆ ತೆಗೆದಳು. ಅತ್ತ ಇತ್ತ ನೋಡಿ, ಮಂಡಿಯೂರಿ, ತೋಟದ ಊಟಕ್ಕೆಂದು ಚೀಲದಲ್ಲಿಟ್ಟಿರುತ್ತಿದ್ದ ಬ್ರೆಡ್ ಕತ್ತರಿಸುವ ಚಾಕು ತೆಗೆದು ಐರಿಸ್ಸಿಗೆ ಹಾಕಿದಳು.

ಮೇಲೆ ಕಿಟಕಿ ಧಡಾರನೆ ತೆರೆಯಿತು.

“ಕಳ್ಳೀ! ಹಿಡೀರಿ! ಹಗಲಲ್ಲೇ ಲೂಟಿ!” ತ್ರೂದಾಳ ಗಂಟಲು ಇಡೀ ಬೀದಿಗೆ ಕೇಳಿಸಿತು. ಆಮೇಲೆ ಕಿಟಕಿಯಿಂದ ಅರ್ಧ ಹೊರಗೆ ಬಗ್ಗಿ, ದನಿ ತಗ್ಗಿಸಿ, “ಎಡಗಡೆದು ತಗೊಳೇ ಪೆದ್ದಿ, ಬಲಗಡೆದು ಮುದಿಯಾಗಿದೆ. ಎಲೆ ಅರ್ಧ ಕತ್ತರಿಸು. ಆಳಕ್ಕೆ ಹೂಳ್ಬೇಡ, ಗೆಡ್ಡೆ ಬೆನ್ನಿಗೆ ಬಿಸಿಲು ಬೀಳ್ಬೇಕು. ನನ್ ಸೊಂಟ ಮತ್ತೆ ಕೈಕೊಟ್ಟಿದೆ, ಇಲ್ದಿದ್ರೆ ಬೆನ್ನಟ್ತಿದ್ದೆ,” ಎಂದಳು. ಮತ್ತೆ ಶುರು: “ಕಳ್ಳೀ! ಕಳ್ಳೀ!”

ರಾಸ್ಬೆರಿಗಳನ್ನು ಕೊಂದ ಆ ಒಂದು ಶಬ್ದ ಒಟಿಲಿಯಾಳ ತುಟಿಯವರೆಗೆ ಬಂತು. ಹಲ್ಲು ಕಚ್ಚಿ ಅದನ್ನು ನುಂಗಿದಳು. ಕಣ್ಣು ಮಂಜಾಗಿತ್ತು. ಚೀಲ ಎದೆಗವುಚಿಕೊಂಡು ಓಡಿದಳು.

ಅದಾದ ಮೇಲೆ ಸ್ಟ್ರಾಬೆರಿಗೆಂದು, ಪುದೀನಕ್ಕೆಂದು ಮತ್ತೆ ಮತ್ತೆ ಹೋದಳು. ಪ್ರತಿಸಲವೂ ಬೈಗುಳ ತಿಂದಳು.

ಜುಲೈ ಕೊನೆಗೆ ಆಲೋಯ್ಜಿ ಬಂದ. ಗುಂಡಿಗಳಿದ್ದ ಕಡೆಯೆಲ್ಲ ಸಾಲು ಸಾಲು ಗಿಡ. ಅವನು ಕಷ್ಟಪಟ್ಟು ಬಗ್ಗಿ, ಅರ್ಧ ಕತ್ತರಿಸಿದ ಎಲೆಗಳನ್ನು ಮುಟ್ಟಿ ನೋಡಿದ.

“ಯಾರ್ ಕೊಟ್ರು?” ಎಂದು ಅನುಮಾನದಿಂದ ಕೇಳಿದ.

“ಯಾರೂ ಕೊಡ್ಲಿಲ್ಲ. ಕದ್ದೆ.”

ಆಲೋಯ್ಜಿಯ ಮುಖ ಬಿಚ್ಚಿಕೊಂಡಿತು. “ಮೊದ್ಲೇ ಹೇಳ್ಬಾರ್ದಿತ್ತಾ? ಹಂಗಾದ್ರೆ ಹತ್ತುತ್ತೆ ಬಿಡಿ,” ಎಂದು ಮಂಡಿಯ ಮಣ್ಣು ಕೊಡವಿಕೊಂಡ. ಕೀ ಕೇಳಲಿಲ್ಲ. ಮುಂದಿನ ಪಾಲಿನ ಕಡೆ ನಡೆದ.

ಒಟಿಲಿಯಾ ಗುಡಿಸಲಿನ ಮೆಟ್ಟಿಲ ಮೇಲೆ ಕೂತಳು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು, ಲೋಟ ಖಾಲಿಯಾಗುವವರೆಗೆ ಕುಡಿದಳು.