ಮಿರ್ನಾ ವೆಲಾರ್ಡೆಯ ಕಪಾಳಮೋಕ್ಷ

ಸಾನ್ ಗ್ರೆಗೋರಿಯೋ ಪೇಟೆಯಲ್ಲಿ ಆಸ್ಯಾಂಗಳ ಮೀನು ತಾಜಾ ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೂ ಅವಳ ಮುಂದೆ ಬಂದು ನಿಂತವರು ಮೀನಿನ ಕಿವಿರು ಎತ್ತಿ ನೋಡುವ ಮೊದಲು ಒಂದು ಮಾತು ಚುಚ್ಚಿಯೇ ವ್ಯಾಪಾರಕ್ಕೆ ಇಳಿಯುತ್ತಿದ್ದರು.

"ಏನೇ ಆಸ್ಯಾಂಗ್, ನಿಮ್ಮಕ್ಕ ಈ ವಾರ ಯಾರ ಮನೆ ಹಾಳು ಮಾಡಿದ್ಳು?"

"ಆ ಕುರುಡಿ ಕೈಯಿಂದ ಕೋಲು ಕಿತ್ಕೊಂಡ್ಳಲ್ಲ, ಅವಳಿಗೆ ಒಳ್ಳೇದಾಗತ್ತಾ?"

"ಆ ಕುರುಡಿ ಶೂಟಿಂಗ್ ಮುಗಿಸಿ ತಾನೇ ಕಾರು ಓಡಿಸ್ಕೊಂಡು ಮನೆಗೆ ಹೋದ್ಳಂತೆ. ನಿಮಗೆ ಯಾವುದು ಕೊಡ್ಲಿ, ಜಿಲೇಬಿ ಮೀನೋ, ಹೂಮೀನೋ?" ಎನ್ನುತ್ತಿದ್ದಳು ಆಸ್ಯಾಂಗ್. ಮಾತಿಗೆ ಮಾತು ಕೊಡದಿದ್ದರೆ ಪೇಟೆಯಲ್ಲಿ ಬದುಕುವುದು ಹೇಗೆ? ಆದರೆ ಸಂಜೆ ಮೀನಿನ ಹಲಗೆ ತೊಳೆಯುವಾಗ ಆ ಮಾತುಗಳೆಲ್ಲ ಮತ್ತೆ ನೆನಪಾಗುತ್ತಿದ್ದವು. ಅಕ್ಕ ಮನಿಲಾದಲ್ಲಿ ಪಾಪ ಮಾಡುತ್ತಾಳೆ, ಬೈಗುಳ ಇಲ್ಲಿ ತನ್ನ ಬುಟ್ಟಿಗೆ ಬೀಳುತ್ತದೆ ಎಂದು ಅವಳಿಗೆ ಸಿಟ್ಟೂ ಬರುತ್ತಿತ್ತು.

ಅಕ್ಕ ಎಂದರೆ ಮಿರ್ನಾ ವೆಲಾರ್ಡೆ. ಆ ಹೆಸರು ಸಿನಿಮಾದವರು ಇಟ್ಟದ್ದು. ಚರ್ಚಿನಲ್ಲಿ ಇಟ್ಟದ್ದು ಪ್ರಿಮಿತೀವಾ, ಮನೆಯಲ್ಲಿ ಕರೆಯುವುದು ತೀವಾ. ಹುಡುಗಿಯಾಗಿದ್ದಾಗ ಯೇಸು ಶಿಲುಬೆಗೇರುವ ಕಥೆ ಆಡುವ ಊರಿನ ಪಾಡುಗಳ ನಾಟಕದಲ್ಲಿ ಕೋಳಿಪುಕ್ಕದ ರೆಕ್ಕೆ ಕಟ್ಟಿಕೊಂಡು ದೇವದೂತೆಯಾಗಿ ನಿಂತವಳು, ರಂಗದ ರುಚಿ ಹತ್ತಿದ ಮೇಲೆ ಕೆಳಗಿಳಿಯಲಿಲ್ಲ. ಥಿಯೇಟರಿನಲ್ಲಿ ಒಂದು ಸಿನಿಮಾ ಮುಗಿದು ಇನ್ನೊಂದು ಶುರುವಾಗುವ ನಡುವೆ ಹಾಡಿ ಕುಣಿಯುವ ಒಂದು ಮೇಳದ ಜತೆ ಮನಿಲಾಕ್ಕೆ ಹೋದಳು. ಪರದೆಯ ಹಿಂದೆ ಟ್ರಂಕಿನ ಮೇಲೆ ಮಲಗಿದಳು, ಯಾರು ಕಾಯಿಲೆ ಬಿದ್ದರೂ ಅವರ ಪಾತ್ರ ತಾನು ಮಾಡಿದಳು, ಹಲ್ಲಿಲ್ಲದ ಅಜ್ಜಿಯಿಂದ ಹಿಡಿದು ಸ್ಪೇನಿನ ರಾಣಿಯವರೆಗೆ. ಕೊನೆಗೆ ಒಬ್ಬ ನಿರ್ದೇಶಕನ ಕಣ್ಣು ಅವಳ ಎಡಹುಬ್ಬಿನ ಮೇಲೆ ಬಿತ್ತು. ಉಳಿದ ಮುಖವೆಲ್ಲ ಸುಮ್ಮನಿದ್ದಾಗ ಅದೊಂದೇ ಮೇಲೇರುತ್ತಿತ್ತು. "ಇದು ಅಳೋ ಮುಖ ಅಲ್ಲಮ್ಮ, ಅಳಿಸೋ ಮುಖ" ಎಂದನಂತೆ ಅವನು. ಅಂದಿನಿಂದ ಅವಳು ಅಳಿಸುತ್ತಲೇ ಬಂದಳು. ನಾಯಕಿಯರು ಬಂದರು, ಮದುವೆಯಾದರು, ದಪ್ಪಗಾದರು, ಮರೆತೂ ಹೋದರು. ಮಿರ್ನಾ ಮಾತ್ರ ಉಳಿದಳು. ಅವಳ ಏಟು ಬೀಳದೆ ಯಾವ ನಾಯಕಿಯ ಕಣ್ಣೀರಿಗೂ ಬೆಲೆಯಿರಲಿಲ್ಲ.

ಅವಳ ಕಪಾಳಮೋಕ್ಷ ದ್ವೀಪದಿಂದ ದ್ವೀಪಕ್ಕೆ ಪ್ರಸಿದ್ಧವಾಗಿತ್ತು. ಮೊದಲು ಹುಬ್ಬು ಏರಬೇಕು, ಆಮೇಲೆ ಕೈ ಏರಬೇಕು, ಥಿಯೇಟರಿನಲ್ಲಿ ಕೂತವರು ತಮ್ಮ ಕೆನ್ನೆ ಮುಟ್ಟಿಕೊಳ್ಳುವಷ್ಟು ಹೊತ್ತು ಕೊಟ್ಟು ಆಮೇಲೆ ಏಟು. ಒಮ್ಮೆ ರಂಗದ ಮೇಲೆ ಅವಳು ಅತ್ತೆಯ ಪಾತ್ರ ಮಾಡುತ್ತಿದ್ದಾಗ ಯಾರೋ ಸಿಟ್ಟಿಗೆದ್ದು ಚಪ್ಪಲಿ ಎಸೆದರು. ಅವಳು ಅದನ್ನು ಗಾಳಿಯಲ್ಲೇ ಹಿಡಿದು, ಎದೆಗೊತ್ತಿಕೊಂಡು ಬಾಗಿ ನಮಸ್ಕರಿಸಿದಳು. "ಬೈಗುಳವೇ ನಮಗೆ ಚಪ್ಪಾಳೆ ಕಣೇ" ಎಂದು ತಂಗಿಗೆ ಹೇಳಿದ್ದಳು. ಅಂಥ ಗಟ್ಟಿಗಿತ್ತಿ.

ಊರಿಗೆ ಗೊತ್ತಿಲ್ಲದ ಒಂದು ಸಂಗತಿ ಆಸ್ಯಾಂಗಳಿಗೆ ಗೊತ್ತಿತ್ತು. ಆ ಏಟು ಯಾರಿಗೂ ತಾಗುತ್ತಿರಲಿಲ್ಲ. ಅಂಗೈ ಕಿವಿಯ ಪಕ್ಕದಿಂದ ಗಾಳಿಯಂತೆ ಹಾದುಹೋಗುತ್ತಿತ್ತು, ಸದ್ದು ಮಾಡುವವರು ಬೇರೆ ಇರುತ್ತಿದ್ದರು. ಹಿತ್ತಲಿನ ಪೇರಳೆ ಮರದ ಕೆಳಗೆ ಅಕ್ಕ ಅದನ್ನು ಕಲಿತದ್ದು ಆಸ್ಯಾಂಗಳ ಕೆನ್ನೆಯ ಮೇಲೆಯೇ. ಒಂದು ದಿನ ಮಾತ್ರ ಲೆಕ್ಕ ತಪ್ಪಿ ಕೈ ನಿಜವಾಗಿ ಬಿತ್ತು. ತುಟಿ ಒಡೆದು ಬಾಯೆಲ್ಲ ಉಪ್ಪುಪ್ಪು ರಕ್ತ. ಅಮ್ಮ ಅನ್ನದ ಸೌಟು ಹಿಡಿದು ಓಡಿ ಬಂದಿದ್ದಳು. ಆಸ್ಯಾಂಗಳಿಗೆ ನೆನಪಿದ್ದದ್ದು ಇಷ್ಟೇ. "ಅಕ್ಕನ ಹೆಸರಿಗೆ ಮೊದಲ ಬಂಡವಾಳ ಹಾಕಿದ್ದು ನನ್ನ ಕೆನ್ನೆ" ಎಂದು ನಗುತ್ತಿದ್ದಳು. ಆ ನಗುವಿನಲ್ಲಿ ಸ್ವಲ್ಪ ಹುಳಿಯೂ ಇತ್ತು.

ಅಮ್ಮ ಪಿನಾಂಗ್ ಮಗಳ ಒಂದು ಸಿನಿಮಾವನ್ನೂ ನೋಡಿರಲಿಲ್ಲ. "ಹೆತ್ತ ಮಗಳಿಗೆ ಜನ ಶಾಪ ಹಾಕೋದನ್ನ ದುಡ್ಡು ಕೊಟ್ಟು ನೋಡ್ಲಾ?" ಎನ್ನುತ್ತಿದ್ದಳು. ಅವಳ ನಾಟಕವೇ ಬೇರೆ. ತೀವಾ ಕೂಸಾಗಿದ್ದಾಗ ಜ್ವರ ಬಂದು ಮೈ ತಣ್ಣಗಾಗತೊಡಗಿತ್ತು. ಆಗ ಪಿನಾಂಗ್ ಹರಕೆ ಹೊತ್ತಳು: ಮಗು ಉಳಿದರೆ, ಪ್ರತಿ ಶುಭ ಶುಕ್ರವಾರ ಪಾಡುಗಳ ನಾಟಕದಲ್ಲಿ ಯೇಸುವಿನ ತಾಯಿ ಮರಿಯಮ್ಮನ ಪಾತ್ರ ತನ್ನ ಮನೆಯದು. ಮಗು ಉಳಿಯಿತು. ಅಂದಿನಿಂದ ಶಿಲುಬೆ ಹೊತ್ತ ಯೇಸು ತಾಯಿಯನ್ನು ಎದುರುಗೊಳ್ಳುವ ಸನ್ನಿವೇಶ ಪಿನಾಂಗಳ ಬಾಗಿಲ ಮುಂದೆಯೇ ನಡೆಯುತ್ತಿತ್ತು, ತಾಯಿ ಅವಳೇ ಆಗಿರುತ್ತಿದ್ದಳು.

ಈ ವರ್ಷ ತಪಸ್ಸುಕಾಲದ ಉಪವಾಸದ ದಿನಗಳು ಶುರುವಾಗುವ ಮುಂಚೆ ಅವಳ ಎಡಗಾಲು ಮಾತು ಕೇಳುವುದನ್ನು ನಿಲ್ಲಿಸಿತು. ಹಾಡುವ ಗಂಟಲು ಕೀರಲಾಯಿತು. ಅವಳು ಬಿದಿರಿನ ಮಂಚ ಹಿಡಿದಳು, ಊಟ ಬಿಟ್ಟಳು. ಎರಡು ತುತ್ತು ಬಾಯಿಗಿಟ್ಟು ಗೋಡೆಯ ಕಡೆ ತಿರುಗಿಕೊಳ್ಳುವಳು. ಆಸ್ಯಾಂಗ್ ತಾನೇ ಪಾತ್ರ ಮಾಡೋಣವೆಂದರೆ ಅವಳದು ಮೀನು ಕೂಗುವ ಗಂಟಲು. ಹಿಂದೊಮ್ಮೆ ಹಾಡಲು ಹೋದಾಗ ಪಾದ್ರಿಗಳು ಬಹಳ ಮರ್ಯಾದೆಯಿಂದ ಅವಳ ಕೈಗೆ ಮೇಣದಬತ್ತಿ ಕೊಟ್ಟು ಕೂರಿಸಿದ್ದರು.

"ತೀವಾನ ಕರೆಸು" ಎಂದಳು ಪಿನಾಂಗ್. "ಯಾರಿಗೋಸ್ಕರ ಹೊತ್ತೆನೋ ಅವಳೇ ತೀರಿಸ್ಲಿ. ಆದರೆ ಒಂದು ಮಾತು. ಮರಿಯಮ್ಮನ ನೋಡಿ ಜನ ನಕ್ಕರೆ, ಛೀ ಥೂ ಅಂದರೆ, ಆ ಹರಕೆ ಸಲ್ಲಲ್ಲ. ಸಲ್ಲದ ಹರಕೆ ಹೊತ್ಕೊಂಡು ನಾನು ಹೇಗೆ ಕಣ್ಮುಚ್ಚಲಿ?"

ಮಿರ್ನಾ ಬಂದು ಪಾತ್ರ ಮಾಡುತ್ತಾಳೆಂಬ ಸುದ್ದಿ ಊರಿಗೆ ತಿಳಿದದ್ದೇ ತಡ, ಚರ್ಚಿನ ಅಂಗಳದಲ್ಲಿ ಸಭೆ ಸೇರಿತು. ನಾಟಕದ ಹಿರಿಯ ಮಾಂಗ್ ಅಂಬೋ, ಕಸುಬಿನಲ್ಲಿ ಕ್ಷೌರಿಕ. ಅವನ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತವಳು ಆಲಿಂಗ್ ಬೆಬಾಂಗ್, ಆಸ್ಯಾಂಗಳ ದಿನದ ಗಿರಾಕಿ, ದಿನದ ಚುಚ್ಚುಮಾತೂ ಅವಳದೇ.

"ಸೊಸೆಯನ್ನ ಬಾವಿಗೆ ತಳ್ಳಿದೋಳು ಮರಿಯಮ್ಮನಾ? ಯೇಸುವನ್ನ ಹಿಡ್ಕೊಟ್ಟ ಯೂದನ ಪಾತ್ರ ಕೊಡಿ, ಒಪ್ಪತ್ತೆ. ನನ್ನ ಸೊಸೆ ಇಲ್ವಾ, ಹುಣ್ಣಿಮೆ ಚಂದ್ರನಂಥ ಮುಖ."

"ನಿನ್ನ ಸೊಸೆ ಮುಖ ಚೆನ್ನಾಗಿದೆ ಬೆಬಾಂಗ್, ಯಾರು ಇಲ್ಲ ಅಂದ್ರು?" ಎಂದ ಅಂಬೋ. "ಆದರೆ ಹರಕೆ ಪಿನಾಂಗ್ ಮನೇದು. ಒಬ್ಬರ ಹಸಿವಿಗೆ ಇನ್ನೊಬ್ಬರು ಉಣ್ಣೋಕಾಗತ್ತಾ?"

ಅಷ್ಟರಲ್ಲಿ ಜೀಪ್ನಿ ಗಾಡಿಯಿಂದ ಇಳಿದ ಮಿರ್ನಾ ನೇರ ಅಲ್ಲಿಗೇ ಬಂದಳು. ಕಪ್ಪು ಕನ್ನಡಕ ತೆಗೆದು ಬೆಬಾಂಗಳ ಕೈಯನ್ನು ಹಣೆಗೊತ್ತಿಕೊಂಡಳು. ಅದು ಹಿರಿಯರಿಗೆ ಮಾಡುವ ಮರ್ಯಾದೆ. ಬೆಬಾಂಗಳಿಗೆ ಕೈ ಹಿಂದೆ ಎಳೆದುಕೊಳ್ಳಲಾಗಲಿಲ್ಲ.

"ನನ್ನ ಯಾವ ಸಿನಿಮಾ ನೋಡಿದೀರಿ ಚಿಕ್ಕಮ್ಮ?"

"ಒಂದೂ ಬಿಟ್ಟಿಲ್ಲ" ಎಂದಳು ಬೆಬಾಂಗ್ ಕೋಪದಿಂದಲೇ.

"ಹಾಗಾದ್ರೆ ನನಗೆ ಅನ್ನ ಹಾಕಿದೋರು ನೀವೇ. ಅನ್ನ ಹಾಕಿದ ಬಾಯಿ ಬೈದರೆ ತಪ್ಪಿಲ್ಲ. ಶುಕ್ರವಾರ ತಪ್ಪದೆ ಮುಂದೆ ಬಂದು ನಿಂತ್ಕೊಳಿ."

ಅಭ್ಯಾಸ ಮನೆಯಲ್ಲೇ ನಡೆಯಿತು. ಈ ನಾಟಕದಲ್ಲಿ ಪುಣ್ಯವಂತರಿಗೆ ಒಂದು ನಡಿಗೆ, ಪಾಪಿಗಳಿಗೆ ಒಂದು ನಡಿಗೆ. ಸೈನಿಕರು ಬಿರುಸಿನ ವಾದ್ಯಕ್ಕೆ ಎದೆಯುಬ್ಬಿಸಿ ಧಪಧಪ ಹೆಜ್ಜೆ ಹಾಕಬೇಕು. ಯೇಸು, ಮರಿಯಮ್ಮ ವಿಳಂಬದ ವಾದ್ಯಕ್ಕೆ ನೆಲಕ್ಕೆ ನೋವಾಗದಂತೆ ನಡೆಯಬೇಕು. ಮಿರ್ನಾಳ ಸೊಂಟಕ್ಕೆ ಗೊತ್ತಿದ್ದದ್ದು ಮೊದಲನೆಯದೇ. ಪಿನಾಂಗ್ ಮಲಗಿದಲ್ಲಿಂದಲೇ ಬೀಸಣಿಗೆಯಿಂದ ಮಂಚಕ್ಕೆ ತಾಳ ಹಾಕುತ್ತಿದ್ದಳು.

"ಇನ್ನೂ ನಿಧಾನ. ನೀನು ಯಾರ ಗಂಡನ್ನೂ ಹಾರಿಸ್ಕೊಂಡು ಬರೋಕೆ ಹೊರಟಿಲ್ಲ."

ದೇಶವೇ ಹೆದರುವ ಮಿರ್ನಾ ವೆಲಾರ್ಡೆ ಬಾಗಿಲಿಗೆ ವಾಪಸು ಹೋಗಿ ಮತ್ತೆ ನಡೆದು ತೋರಿಸುತ್ತಿದ್ದಳು. ಪಾದದಲ್ಲಿ ಬೊಬ್ಬೆ ಎದ್ದರೂ ನಿಲ್ಲಿಸಲಿಲ್ಲ. ಅಡುಗೆಮನೆಯಿಂದ ನೋಡುತ್ತಿದ್ದ ಆಸ್ಯಾಂಗಳಿಗೆ ಅಕ್ಕನ ಬಗ್ಗೆ ತಾನೆಂದೂ ಒಪ್ಪಿಕೊಳ್ಳದಿದ್ದ ಒಂದು ಹೆಮ್ಮೆ ಬಂತು. ಈ ಹೆಸರು ಬಿಟ್ಟಿಗೆ ಬಂದದ್ದಲ್ಲ ಎನಿಸಿತು.

ಸೈನಿಕರ ನಾಯಕ ಜೀಪ್ನಿ ಓಡಿಸುವ ಕುಲಾಸ್. ಎಣ್ಣೆಡಬ್ಬದ ತಗಡು ಬಡಿದು ಮಾಡಿದ ಶಿರಸ್ತ್ರಾಣ, ಅದರ ಮೇಲೆ ಪೊರಕೆಯ ಜುಟ್ಟು. ಎದುರುಗೊಳ್ಳುವ ಸನ್ನಿವೇಶದಲ್ಲಿ ಮರಿಯಮ್ಮನನ್ನು ಪಕ್ಕಕ್ಕೆ ತಳ್ಳುವುದು ಅವನ ಕೆಲಸ. ಪಿನಾಂಗ್ ಅಜ್ಜಿಯನ್ನಾದರೆ ಹೂವಿನಂತೆ ತಳ್ಳುತ್ತಿದ್ದ. ಈ ಸಲ ಗೆಳೆಯರು ಅವನ ಕಿವಿ ತುಂಬಿಸಿದ್ದರು: "ಲೋ, ಆ ಕೈ ಸುಮ್ಮನಿರಲ್ಲ. ಇವತ್ತು ನಿನ್ನ ದವಡೆ ನಿನ್ನದಲ್ಲ."

ಶುಭ ಶುಕ್ರವಾರ ಬಂತು. ಮೀನುಪೇಟೆ ಮುಚ್ಚಿತ್ತು, ಬಿಸಿಲು ನೆತ್ತಿ ಸುಡುತ್ತಿತ್ತು. ಪಿನಾಂಗಳನ್ನು ಕುರ್ಚಿಯಲ್ಲಿ ಬಾಗಿಲಿಗೆ ತಂದು ಕೂರಿಸಿ ಆಸ್ಯಾಂಗ್ ಹಿಂದೆ ನಿಂತಳು. ಬೀದಿಯ ಎರಡೂ ಬದಿ ಜನ. ಬೆಬಾಂಗ್ ಎಲ್ಲರಿಗಿಂತ ಮುಂದೆ.

ವಿಳಂಬದ ವಾದ್ಯ ಶುರುವಾಯಿತು. ನೀಲಿ ಸೆರಗು ಹೊದ್ದ ಮಿರ್ನಾ ತಿರುವಿನಲ್ಲಿ ಕಾಣಿಸಿಕೊಂಡಳು.

"ಬಂದ್ಲು ನೋಡು, ಕುರುಡಿ ಕೋಲು ಕಿತ್ಕೊಂಡೋಳು" ಎಂದಿತು ಒಂದು ದನಿ. ಯಾರೋ ಕಿಸಕ್ಕನೆ ನಕ್ಕರು. ಆ ನಗು ಒಬ್ಬರಿಂದೊಬ್ಬರಿಗೆ ಹರಡಿತು. ಹಿಂದಿನ ಸಾಲಿನಿಂದ "ಛೀ" ಎಂಬ ಸದ್ದೂ ಬಂತು. ಪಿನಾಂಗಳ ಕೈ ಆಸ್ಯಾಂಗಳ ಮಣಿಕಟ್ಟನ್ನು ಹುಡುಕಿ ಹಿಡಿದುಕೊಂಡಿತು, ಉಗುರು ಊರುವಷ್ಟು ಬಿಗಿಯಾಗಿ. ಎಲ್ಲ ಮುಗಿಯಿತು ಎಂದುಕೊಂಡಳು ಆಸ್ಯಾಂಗ್.

ಮಿರ್ನಾ ಅವಸರಪಡಲಿಲ್ಲ. ಶಿಲುಬೆ ಹೊತ್ತವನ ಎದುರಿಗೆ ಬಂದು ಕೈಚಾಚಿದಳು. ಸೈನಿಕರು ಬಿರುಸಿನ ಹೆಜ್ಜೆಯಲ್ಲಿ ನುಗ್ಗಿದರು. ಹೆದರಿದವನ ಕೈಗೆ ಅಳತೆ ಇರುವುದಿಲ್ಲ. ಕುಲಾಸ್ ತಳ್ಳಿದ್ದು ಜೋರಾಗಿಹೋಯಿತು. ಅವಳು ಜಲ್ಲಿಕಲ್ಲಿನ ಮೇಲೆ ಮಂಡಿಯೂರಿ ಬಿದ್ದಳು. ಸೆರಗು ಜಾರಿತು. ವಾದ್ಯದವರು ಗಾಬರಿಯಾಗಿ ನುಡಿಸುವುದನ್ನೇ ನಿಲ್ಲಿಸಿದರು.

ಅವಳು ಎದ್ದಳು. ಎಡಹುಬ್ಬು ಮೇಲೇರಿತು.

ಆ ಹುಬ್ಬು ಯಾರಿಗೆ ಗೊತ್ತಿಲ್ಲ? ಬೀದಿಗೆ ಬೀದಿಯೇ ಉಸಿರು ಹಿಡಿಯಿತು. ಬಲಗೈ ಏರಿತು. ಬೆಬಾಂಗ್ ತನಗರಿವಿಲ್ಲದೆ ತನ್ನ ಕೆನ್ನೆ ಮುಚ್ಚಿಕೊಂಡಳು. ಕುಲಾಸ್ ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ಕಚ್ಚಿ, ತಗಡಿನ ಟೋಪಿಯೊಳಗೆ ತಲೆ ಹುದುಗಿಸಿ ನಿಂತ. ಕೈ ಮೇಲೆಯೇ ನಿಂತಿತ್ತು. ನಗುತ್ತಿದ್ದವರೂ ಈಗ ಏಟಿಗಾಗಿ ಕಾಯುತ್ತಿದ್ದರು. ಬೇಡ ಅಕ್ಕ, ಬೇಡ ಎಂದು ಆಸ್ಯಾಂಗ್ ಮನಸ್ಸಿನಲ್ಲೇ ಬೇಡಿಕೊಂಡಳು.

ಹುಬ್ಬು ಇಳಿಯಿತು. ಆಮೇಲೆ ಕೈ ಇಳಿಯಿತು, ಅಮ್ಮ ಕಲಿಸಿದ ನಡಿಗೆಯಷ್ಟೇ ನಿಧಾನವಾಗಿ. ಅದು ಕುಲಾಸನ ಕೆನ್ನೆಯ ಮೇಲೆ ಬಂದು ನಿಂತಿತು, ಹೆಬ್ಬೆರಳಿನಿಂದ ಅವನ ಕಣ್ಣಿನ ಕೆಳಗಿನ ಬೆವರು ಒರೆಸಿತು.

"ನಿನ್ನ ಕೈಗೆ ನೋವಾಯ್ತಾ ಮಗನೇ?" ಎಂದಳು ಅವಳು.

ನಾಟಕದ ಪದ್ಯದಲ್ಲಿ ಆ ಮಾತಿರಲಿಲ್ಲ. ಕುಲಾಸ್ ಕಣ್ಣು ತೆರೆದ. ಅವನ ಕೈಯಲ್ಲಿದ್ದ ಚಾಟಿ ಬಿತ್ತು. ಬೀದಿಯ ನಡುವೆ, ಪೊರಕೆಯ ಜುಟ್ಟಿನ ಕೆಳಗೆ, ಆ ದಾಂಡಿಗ ಬಿಕ್ಕಿ ಬಿಕ್ಕಿ ಅತ್ತ. ಮಿರ್ನಾ ಶಿಲುಬೆ ಹೊತ್ತ ಮಗನ ಕಡೆ ತಿರುಗಿ ಹಾಡತೊಡಗಿದಳು. ಪಿನಾಂಗ್ ಇಷ್ಟು ವರ್ಷ ಹಾಡಿದ ಅದೇ ಪದ್ಯ, ಅದೇ ಧಾಟಿ. ಕುರ್ಚಿಯಲ್ಲಿ ಕೂತ ಪಿನಾಂಗಳ ತುಟಿಯೂ ಅದರ ಜತೆ ಆಡುತ್ತಿತ್ತು. ಯಾರೂ ನಗಲಿಲ್ಲ. ಎಲ್ಲರಿಗಿಂತ ಗಟ್ಟಿಯಾಗಿ ಅತ್ತವಳು ಬೆಬಾಂಗ್. ಸಿನಿಮಾದಲ್ಲೂ ಅವಳದೇ ಗಟ್ಟಿ ಅಳು.

ಯೇಸು ಪ್ರಾಣಬಿಟ್ಟ ಹೊತ್ತೆಂದು ಮೂರು ಗಂಟೆಗೆ ಊರು ಮೌನವಾದ ಮೇಲೆ ಮೂವರೂ ಮನೆಯೊಳಗಿದ್ದರು. ಪಿನಾಂಗ್ ಮಂಚಕ್ಕೆ ಒರಗಿ ದೊಡ್ಡ ಮಗಳನ್ನು ಮೇಲಿಂದ ಕೆಳಗೆ ನೋಡಿದಳು.

"ನಡಿಗೆ ಇನ್ನೂ ಸ್ವಲ್ಪ ಜೋರಾಯ್ತು" ಎಂದಳು. "ಮುಂದಿನ ವರ್ಷ ಸರಿಮಾಡ್ಕೋ."

"ಆಯ್ತಮ್ಮ" ಎಂದಳು ಮಿರ್ನಾ. ಅಷ್ಟು ದೊಡ್ಡ ಬಹುಮಾನ ಅವಳಿಗೆ ಮನಿಲಾದಲ್ಲಿ ಯಾರೂ ಕೊಟ್ಟಿರಲಿಲ್ಲ.

ಅಮ್ಮನ ಕೈಗೆ ತೆಂಗಿನಹಾಲಿನ ಪಾಯಸದ ಬಟ್ಟಲು ಕೊಟ್ಟು ಆಸ್ಯಾಂಗ್ ಅಕ್ಕನನ್ನು ಹಿತ್ತಲಿಗೆ ಕರೆದೊಯ್ದಳು. ಪೇರಳೆ ಮರದ ಕೆಳಗೆ ಕೂರಿಸಿ ಮಂಡಿಯ ಗಾಯ ತೊಳೆದಳು.

"ಅಕ್ಕ, ಆ ಮಾತು ಪದ್ಯದಲ್ಲಿರಲಿಲ್ಲ. ಯಾವ ಡೈರೆಕ್ಟರ್ ಹೇಳಿಕೊಟ್ಟ ನಿನಗೆ?"

ಮಿರ್ನಾ ತಂಗಿಯ ಮುಖ ನೋಡಿದಳು. "ನಿಜವಾಗ್ಲೂ ನೆನಪಿಲ್ವಾ ನಿನಗೆ?"

"ಏನು?"

"ಇದೇ ಮರದ ಕೆಳಗೆ ನಿನಗೆ ಹೊಡೆದೆನಲ್ಲ. ಬಾಯಿಂದ ರಕ್ತ ಸೋರ್ತಿತ್ತು. ಅಮ್ಮ ಸೌಟು ಹಿಡ್ಕೊಂಡು ಬಂದ್ಲು. ನಾನು ಹೆದರಿ ಅಳ್ತಾ ನಿಂತಿದ್ದೆ. ನೀನು ಬಂದು ನನ್ನ ಕೆನ್ನೆ ಒರೆಸಿ ಕೇಳಿದೆ, 'ಅಕ್ಕ, ನಿನ್ನ ಕೈಗೆ ನೋವಾಯ್ತಾ?' ಅಂತ. ಅಮ್ಮನ ಸೌಟು ಹಾಗೇ ಕೆಳಗಿಳೀತು. ಅವತ್ತಿಂದ ಈ ಕೈಯ ಏಟು ಯಾರ ಮೈಗೂ ತಾಗಿಲ್ಲ ಕಣೇ. ತಾಗಿಸೋಕೆ ಆಗಲೇ ಇಲ್ಲ."

ಆಸ್ಯಾಂಗಳಿಗೆ ರಕ್ತದ ರುಚಿ ನೆನಪಿತ್ತು, ಸೌಟು ನೆನಪಿತ್ತು. ಇದು ನೆನಪಿರಲಿಲ್ಲ. ತನ್ನದೇ ಒಳ್ಳೆಯತನವನ್ನು ತಾನು ಮರೆತು ಕೂತಿದ್ದಾಗ ಅಕ್ಕ ಅದನ್ನು ಇಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದಳು. ಅಕ್ಕನ ಬಲಗೈಯನ್ನು ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡಳು. ಮೀನಿನ ವಾಸನೆಯ ತಂಗಿ, ಪೌಡರಿನ ವಾಸನೆಯ ಅಕ್ಕ, ಇಬ್ಬರೂ ಹಾಗೇ ಕೂತರು.

"ಇಬ್ಬರೂ ಅಲ್ಲಿ ಏನು ಪಿಸುಪಿಸು?" ಒಳಗಿನಿಂದ ಪಿನಾಂಗಳ ಕೀರಲು ದನಿ ಕೇಳಿತು. "ಪಾಯಸ ಇನ್ನೊಂದು ಬಟ್ಟಲು ತನ್ನಿ. ಹಸಿವಾಗ್ತಿದೆ."