ಎಲ್ಲ ಮಕ್ಕಳ ಹೆಸರು ಬರೆಯಿರಿ

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದವರು ಇಲ್ಲೇ ನೆಲೆಸಲು ನನ್ನನ್ನು ಆರಿಸಿಕೊಂಡಿದ್ದಾರೆ ಎಂಬ ಪತ್ರ ಬಂದ ದಿನ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಸುಮ್ಮನೆ ಬಂದ ಪತ್ರವಲ್ಲ ಅದು. ನಾಲ್ಕು ವರ್ಷ ಹಲ್ಲಿಲ್ಲದ ಮುದುಕರಿಗೆ ಆಲೂಗಡ್ಡೆ ಬೇಯಿಸಿ ಹಿಸುಕಿದ್ದೇನೆ, ಹಿಮದಲ್ಲಿ ಕಾಲು ಹೂತುಕೊಂಡು ಬೆಳಿಗ್ಗೆ ಐದಕ್ಕೆ ಕೆಲಸಕ್ಕೆ ನಡೆದಿದ್ದೇನೆ. ಇನ್ನು ಉಳಿದದ್ದು ರಾಜಧಾನಿ ಒಟ್ಟಾವಾಕ್ಕೆ ಕಳಿಸುವ ಕೊನೆಯ ಅರ್ಜಿ. ಅದೊಂದು ಪಾಸಾದರೆ ಕೆನಡಾದಲ್ಲಿ ನಾನು ಕಾಯಂ.

ಅದರಲ್ಲೊಂದು ಸಾಲು: ‘ನಿಮ್ಮ ಎಲ್ಲ ಮಕ್ಕಳ ಹೆಸರು ಬರೆಯಿರಿ, ಅವರು ನಿಮ್ಮ ಜೊತೆ ಬರಲಿ ಬಿಡಲಿ.’

ನನಗೊಬ್ಬಳು ಮಗಳಿದ್ದಾಳೆ. ಕ್ಲಾರಿಬೆಲ್, ನಮಗೆಲ್ಲ ಬೆಲ್; ಹದಿನೈದು ವರ್ಷ. ಕಾಗದದಲ್ಲಿ ಅವಳು ನನ್ನ ತಂಗಿ.

ಫಿಲಿಪೀನ್ಸಿನ ನಮ್ಮ ಪನಾಯ್ ದ್ವೀಪದ ಕಡೆ ಇದು ಹೊಸದೇನಲ್ಲ. ಮದುವೆಯಾಗದ ಹುಡುಗಿ ಬಸಿರಾದರೆ ಅಜ್ಜಿಯೇ ಮಗುವಿಗೆ ತಾಯಿಯಾಗಿಬಿಡುತ್ತಾಳೆ. ಹದಿನೇಳಕ್ಕೆ ನಾನು ಬಸಿರಾದಾಗ ಅಮ್ಮ ನನ್ನನ್ನು ಚಿಕ್ಕಮ್ಮನ ಊರಿಗೆ ಸಾಗಿಸಿದಳು. ತಾನು ದೊಗಳೆ ಅಂಗಿ ತೊಟ್ಟು ನಾಲ್ಕು ತಿಂಗಳು ಸೊಂಟದ ಮೇಲೆ ಕೈಯಿಟ್ಟು ಓಡಾಡಿದಳು. ಸೂಲಗಿತ್ತಿ ಜನನ ಪತ್ರದಲ್ಲಿ ತಾಯಿಯ ಹೆಸರಿನ ಜಾಗದಲ್ಲಿ ಅಮ್ಮನ ಹೆಸರು, ಪುರಿತಾ ಎಂದು ಬರೆದಳು. ಊರವರು ನಲವತ್ತಾರರ ಬಾಣಂತಿಗೆ ಕೋಳಿ ಸಾರು ತಂದುಕೊಟ್ಟು, ಬೀದಿ ತಿರುವಿನಲ್ಲಿ ಕಿಸಕ್ಕೆಂದರು.

ಭಾನುವಾರ ಚರ್ಚ್ ಮುಗಿದ ಮೇಲೆ ಅಲ್ಲಿನ ಊಟದ ಹೊತ್ತಿನಲ್ಲಿ ರೊಹೆಲಿಯೊ ಅಣ್ಣನನ್ನು ಹಿಡಿದೆ. ಈ ಊರಿನ ಫಿಲಿಪಿನೋಗಳಿಗೆಲ್ಲ ಅರ್ಜಿ ತುಂಬಿಕೊಡುವವನು ಅವನೇ.

‘ಬರೀಬೇಡ ಮೆರ್ಲಿ. ಕೆಲಸಕ್ಕೆ ಬರೋವಾಗ ಮಕ್ಕಳಿಲ್ಲ ಅಂತ ಬರ್ದಿದ್ದೀಯ. ಈಗ ಇದಾಳೆ ಅಂದ್ರೆ ಸುಳ್ಳು ಹೇಳಿದ್ಲು ಅಂತ ಐದು ವರ್ಷ ಬಾಗಿಲು ಹಾಕಿದ್ರೂ ಹಾಕ್ಬಹುದು.’

‘ಬರೀದೇ ಇದ್ರೆ?’

‘ನೀನು ಕಾಯಂ. ಆದ್ರೆ ಮುಂದೆ ಅವಳನ್ನ ಮಗಳು ಅಂತ ಕರೆಸ್ಕೊಳ್ಳೋದನ್ನ ಮರ್ತುಬಿಡು. ತಂಗಿ ಅಂತಾನೂ ಬರೋಕಾಗಲ್ಲ.’ ಇಷ್ಟು ಹೇಳಿ ಇನ್ನೊಂದು ಸಲ ನೂಡಲ್ಸ್ ಬಡಿಸಿಕೊಂಡ. ಆ ತಟ್ಟೆಯನ್ನು ಅವನ ತಲೆಯ ಮೇಲೆ ಮಗುಚಬೇಕೆನಿಸಿತು.

ಸಂಜೆ ಐದಕ್ಕೆ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಸೋಮವಾರ ಬೆಳಿಗ್ಗೆ. ಒಲೆಯ ಪಕ್ಕ ಫೋನ್ ಒರಗಿಸಿಟ್ಟು ಒಣಮೀನು ಹುರಿಯುತ್ತಿದ್ದಳು. ಹೆಸರು ಬರೆದರೆ ಪುರಾವೆ ಬೇಕಾಗುತ್ತದೆ, ಕ್ಲಾರಿಬೆಲ್‌ಳನ್ನು ಹೆತ್ತವಳು ನೀನಲ್ಲ, ನಾನು ಎಂದು ಒಂದು ಕಾಗದಕ್ಕೆ ಸಹಿ ಹಾಕಿಕೊಡು ಎಂದೆ.

‘ಸಹಿ ಹಾಕಿ ಜೈಲಿಗೆ ಹೋಗ್ಲಾ? ಸುಳ್ಳು ಪತ್ರ ಮಾಡಿಸ್ದೋಳು ನಾನು. ಯಾರಿಗೋಸ್ಕರ? ನಿನ್ನ ಮಾನ ಉಳ್ಸೋಕೆ!’

‘ನನ್ನ ಮಾನ ಅಲ್ಲ, ನಿಂದು! ಚರ್ಚಲ್ಲಿ ಎಲ್ಲರ ಮುಂದೆ ತಲೆ ತಗ್ಗಿಸ್ಬೇಕಾಗುತ್ತಲ್ಲ ಅಂತ ನನ್ನ ಮಗೂನ ಕಿತ್ಕೊಂಡೆ.’

‘ಅವಳಿಗೆ ಜ್ವರ ಬಂದಾಗ ಪಕ್ಕದಲ್ಲಿ ಕೂತೋಳು ಯಾರೇ? ನೀನು ದುಡ್ಡು ಕಳಿಸ್ದೆ, ಚಾಕೊಲೇಟ್ ಕಳಿಸ್ದೆ. ಈಗ ಒಂದೇ ಸಲ ಅಮ್ಮ ಆಗ್ಬಿಡ್ತೀಯಾ?’

ಬಾಯಿಗೆ ಬಂದದ್ದೆಲ್ಲ ಬೈದೆ. ಅಷ್ಟರಲ್ಲಿ ಫೋನ್ ಅಲುಗಾಡಿ, ಸ್ಕೂಲಿನ ಸಮವಸ್ತ್ರ ತೊಟ್ಟ ಬೆಲ್‌ಳ ಮುಖ ಕಂಡಿತು.

‘ಕೂಗ್ಬೇಡ ಅಕ್ಕ. ಪಕ್ಕದ್ಮನೆಗೆಲ್ಲ ಕೇಳ್ತಿದೆ.’

‘ಬೆಲ್, ನಿಂಗೊಂದು ವಿಷಯ ಹೇಳ್ಬೇಕು...’

‘ಗೊತ್ತು. ಊರಿಗೇ ಗೊತ್ತು, ನಂಗೆ ಗೊತ್ತಿರಲ್ವಾ? ಕ್ಲಾಸಲ್ಲಿ ಹುಡುಗ್ರು ಆಡ್ಕೋತಾರೆ. ನೀನು ಕೆನಡಾಗೆ ಹೊರಟ ದಿನ ಏರ್‌ಪೋರ್ಟಲ್ಲಿ ಕೇಳಿದ್ದೆ, ನಾನು ನಿಜವಾಗ್ಲೂ ಯಾರ ಮಗಳು ಅಂತ. ನೆನಪಿದ್ಯಾ?’

ನೆನಪಿತ್ತು. ನಾನು ನಕ್ಕು, ಹುಚ್ಚು ಹುಡುಗಿ ಎಂದು ಅವಳ ಕೆನ್ನೆ ಹಿಂಡಿದ್ದೆ.

‘ನಾನು ಕೇಳಿದಾಗ ಹೇಳ್ಲಿಲ್ಲ. ಸರ್ಕಾರದೋರು ಕೇಳಿದ ತಕ್ಷಣ ಹೇಳೋಕೆ ಬಂದಿದ್ದೀಯ,’ ಎಂದಳು. ಬ್ಯಾಗನ್ನು ಹೆಗಲಿಗೇರಿಸಿಕೊಂಡಳು. ‘ಸ್ಕೂಲಿಗೆ ಹೊತ್ತಾಯ್ತು.’ ಫೋನ್ ಇಟ್ಟುಬಿಟ್ಟಳು.

ಕಂಪ್ಯೂಟರಿನ ಮುಂದೆ ಕುಳಿತು ಮಕ್ಕಳ ಸಾಲಿನಲ್ಲಿ ಕ್ಲಾರಿಬೆಲ್ ಎಂದು ಟೈಪ್ ಮಾಡಿದೆ. ಸಂಬಂಧ: ಮಗಳು. ಬಾಗಿಲು ಹಾಕುವುದಿದ್ದರೆ ಹಾಕಿಕೊಳ್ಳಲಿ. ಕೆಳಗೇ ಇನ್ನೊಂದು ಪ್ರಶ್ನೆಯಿತ್ತು: ‘ನಿಮ್ಮ ಜೊತೆ ಬರುತ್ತಾರೆಯೇ?’ ಹೌದು, ಇಲ್ಲ. ಇದನ್ನು ನಾನು ತುಂಬುವಂತಿರಲಿಲ್ಲ. ‘ನಿನ್ನ ಹೆಸರು ಬರೆದಿದ್ದೇನೆ. ಬರ್ತೀಯಾ?’ ಎಂದು ಅವಳಿಗೆ ಸಂದೇಶ ಕಳಿಸಿದೆ.

ದಾರಿಯಲ್ಲಿದ್ದಳೇನೋ, ಕೂಡಲೇ ಉತ್ತರ ಬಂತು: ‘ಕೆನಡಾದೋರಿಗೆ ಆಮೇಲೆ ಹೇಳು. ಮೊದಲು ಇಲ್ಲಿ ಊರಲ್ಲಿ ಹೇಳು.’

ಅಮ್ಮನ ಮೇಲಿದ್ದ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು. ಹದಿನೈದು ವರ್ಷ ಅಮ್ಮನನ್ನು ಬೈದುಕೊಂಡೇ ಅವಳ ಸುಳ್ಳಿನ ನೆರಳಲ್ಲಿ ಹಾಯಾಗಿದ್ದವಳು ನಾನು. ಹುಡುಗಿ ಕೇಳಿದ್ದರಲ್ಲಿ ತಪ್ಪೇನಿತ್ತು?

ನಮ್ಮ ಊರಿನ ಫೇಸ್‌ಬುಕ್ ಗುಂಪು ತೆರೆದೆ. ಪಾದ್ರಿಯಿಂದ ಹಿಡಿದು ಮೀನು ಮಾರುವವಳವರೆಗೆ ಎಲ್ಲರೂ ಅದರಲ್ಲಿದ್ದಾರೆ. ‘ಕ್ಲಾರಿಬೆಲ್ ನನ್ನ ತಂಗಿಯಲ್ಲ. ನಾನು ಹೆತ್ತ ಮಗಳು,’ ಎಂದು ಬರೆದು, ಕೆಳಗೆ ನನ್ನ ಪೂರ್ತಿ ಹೆಸರು ಹಾಕಿ ‘ಪೋಸ್ಟ್’ ಒತ್ತಿದೆ.

ನಿಮಿಷದೊಳಗೆ ಅಮ್ಮನಿಂದ ಫೋನ್ ಬಡಿದುಕೊಳ್ಳತೊಡಗಿತು. ನಿಂತಿತು, ಮತ್ತೆ ಶುರುವಾಯಿತು. ನಾನು ಎತ್ತಲಿಲ್ಲ. ನನ್ನ ಬೆಲ್ ಫೋನ್ ಮಾಡಿದರೆ ಲೈನ್ ಬಿಡುವಾಗಿರಲಿ ಎಂದು ಕಾಯುತ್ತಾ ಕುಳಿತೆ.